ವಿಯೆಟ್ನಾಂ ಬ್ರೆಡ್ಡೂ ಹೆಣ್ಣು ನೋಡೋ ಶಾಸ್ತ್ರವೂ

ರಗಳೆಯೆಲ್ಲ ಶುರುವಾದದ್ದು ಹುಡುಗಿ ಉಪ್ಪಿಟ್ಟು ಬೇಡ ಅಂದಿದ್ದರಿಂದ. ಹೆಣ್ಣು ನೋಡೋಕೆ ಮನೆಗೆ ಬರಬೇಡಿ, ಚಳ್ಳಕೆರೆ ಬಸ್ ಸ್ಟ್ಯಾಂಡ್ ಹಿಂದೆ ಹೊಸದಾಗಿ ವಿಯೆಟ್ನಾಂ ಸ್ಯಾಂಡ್‌ವಿಚ್ ಅಂಗಡಿ ಆಗಿದೆ, ಮಸಾಲೆ ದೋಸೆ ರೇಟಿಗೇ ಸಿಗುತ್ತೆ, ಮಧ್ಯಾಹ್ನ ಅಲ್ಲಿಗೇ ಬನ್ನಿ ಅಂತ ಶೈಲಜಾ ಹೇಳಿ ಕಳಿಸಿದ್ದಳು.

ಮೊಳಕಾಲ್ಮೂರಿನ ಸೀರೆ ಅಂಗಡಿ ಮಹಾಂತೇಶ ಆ ತಿಂಡಿಯ ಹೆಸರನ್ನೇ ಕೇಳಿದವನಲ್ಲ. ಈ ಹಿಂದೆ ನೋಡಿದ ಹುಡುಗಿಯರೆಲ್ಲ ಅವನನ್ನು ಗುಗ್ಗು ಅಂತ ಬಿಟ್ಟಿದ್ದರು. ಶೈಲಜಾಳ ಫೋಟೋ ಮಾತ್ರ ಅವನ ಅಂಗಿ ಜೇಬು ಬಿಟ್ಟು ಇಳಿದಿರಲಿಲ್ಲ. ಏನು ತರಿಸಬೇಕು ಅಂತ ಗೊತ್ತಾಗದೆ ಅವಳೆದುರು ಪೆಕರನ ಹಾಗೆ ಕೂತರೆ ಇವಳೂ ಕೈಬಿಟ್ಟ ಹಾಗೇ.

"ಬೆಳಿಗ್ಗೇನೇ ಹೋಗಿ ತಿಂದು ಕಲ್ತು ಬಿಡಾಣ ನಡಿಯಲೇ," ಅಂದ ಪಕ್ಕದ ಮನೆ ಜಂಬುಲಿಂಗಪ್ಪ. ಯಾರೂ ಕರೆಯದಿದ್ದರೂ ಬಸ್ಸಿನ ಕಿಟಕಿ ಸೀಟು ಹಿಡಿದಿದ್ದ.

ಅಂಗಡಿ ಭಣಭಣ ಅಂತಿತ್ತು. ಹಣೆ ತುಂಬ ವಿಭೂತಿ ಬಳಿದ ಮಾಲೀಕ ನಾಗೇಂದ್ರಪ್ಪ, "ಹೆಣ್ಣು ನೋಡಾಕ್ ಬಂದೀರಾ? ಕೂತ್ಕಳ್ರಿ," ಅಂದ.

"ಅಯ್ ಶಿವನೇ, ಹೆಂಗ್ ಗೊತ್ತಾತ್ರಿ?" ಅಂದ ಮಹಾಂತೇಶ.

"ಇಸ್ತ್ರಿ ಅಂಗಿ, ಬೆವತ ಮುಖ. ಇನ್ನೇನ್ ಬೇಕು?"

"ಇಲ್ಲಿ ಏನ್ ತಗಂಡ್ರೆ ಚೆಂದ?"

"ಆರು ಥರ ಐತೆ. ಆರೂ ತಿಂದ್ರೇನೇ ಗೊತ್ತಾಗಾದು."

"ಮೊಟ್ಟೆಗಿಟ್ಟೆ ಇಲ್ಲ ತಾನೇ?" ಅಂದ ಜಂಬುಲಿಂಗಪ್ಪ.

"ಲಿಂಗದಾಣೆಗೂ ಇಲ್ಲ!"

ಪನ್ನೀರಿನದನ್ನು ಕಚ್ಚಿದ ಕೂಡಲೇ ಗರಿಗರಿ ಬ್ರೆಡ್ಡು ಪಟಾರನೆ ಸಿಡಿದು ಇಸ್ತ್ರಿ ಅಂಗಿ ತುಂಬ ಚೂರಾಯಿತು. ಬದನೆಕಾಯಿಯದರ ಹಿಂಬದಿಯಿಂದ ಹುಳಿ ಮೂಲಂಗಿ ಜಾರಿ ಜಂಬುಲಿಂಗಪ್ಪನ ಪಂಚೆ ಮೇಲೆ ಬಿತ್ತು. ಮುಂದಿನದರ ಹಸಿಮೆಣಸಿನಕಾಯಿಗೆ ಮಹಾಂತೇಶನಿಗೆ ಬಿಕ್ಕಳಿಕೆ ಹತ್ತಿತು.

"ದಿನಾ ಮಂಡಕ್ಕಿ ಮೆಣಸಿನಕಾಯಿ ತಿನ್ನೋನಿಗೆ ಇದ್ಯಾವ ಲೆಕ್ಕಲೇ, ನುಂಗು!" ಅಂತ ಜಂಬುಲಿಂಗಪ್ಪ ಬೆನ್ನಿಗೆ ಗುದ್ದಿದ. ಆರೂ ಮುಗಿಯುವ ಹೊತ್ತಿಗೆ ಮಹಾಂತೇಶನ ಹೊಟ್ಟೆ ಶೇಂಗಾ ಮೂಟೆಯ ಹಾಗೆ ಬಿಗಿದಿತ್ತು.

"ಅಣಬೇದು ಹೇಳ್ರಿ," ಅಂತ ಕೊನೆಗೆ ನಾಗೇಂದ್ರಪ್ಪ ಗುಟ್ಟು ಬಿಟ್ಟುಕೊಟ್ಟ. "ಮೂಲಂಗಿ ಜಾಸ್ತಿ, ಮೆಣಸಿನಕಾಯಿ ಕಮ್ಮಿ. ಸುತ್ತಿದ ಕಾಗದ ಬಿಚ್ಚಬ್ಯಾಡ್ರಿ, ಒಂಚೂರು ಅದುಮಿ ಕಚ್ರಿ."

ಇದನ್ನು ಮೊದಲೇ ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತೋ!

ಮಧ್ಯಾಹ್ನ ಶೈಲಜಾ ಬಂದಳು. ಜೊತೆಗೆ ಅಪ್ಪ ಶಿವಮೂರ್ತಪ್ಪ, ಅವ್ವ, ಒಂದು ಹಿಂಡು ಚಿಕ್ಕಮ್ಮಂದಿರು. ಹುಡುಗಿ ಫೋಟೋಗಿಂತ ಚೆಂದ ಇದ್ದಳು.

"ಎಲ್ಲರಿಗೂ ಅಣಬೇದು! ಮೂಲಂಗಿ ಜಾಸ್ತಿ, ಮೆಣಸಿನಕಾಯಿ ಕಮ್ಮಿ!" ಅಂದ ಮಹಾಂತೇಶ, ವಿಯೆಟ್ನಾಮಿನಲ್ಲೇ ಹುಟ್ಟಿದವನ ಹಾಗೆ.

"ಅಬ್ಬಾ, ಎಲ್ಲಾ ಗೊತ್ತೈತಲ್ಲ ನಿಮಗೆ!" ಅಂದಳು ಶೈಲಜಾ.

ಆ ಒಂದು ಮಾತಿಗೆ ಅವನು ಇನ್ನೊಂದು ಬ್ರೆಡ್ಡನ್ನೂ ಒಳಗೆ ತುರುಕಿದ. ಕಣ್ಣಲ್ಲಿ ನೀರು ಬಂತು. ಬಿಲ್ಲೂ ಅವನೇ ಕೊಟ್ಟ.

"ಹೇಳಿ ಕಳಿಸ್ತೀವಿ," ಅಂದರು ಶಿವಮೂರ್ತಪ್ಪ.

ಬಸ್ಸು ಹತ್ತುವಾಗ ಜಂಬುಲಿಂಗಪ್ಪನಿಗೆ ಟವೆಲ್ ಮರೆತದ್ದು ನೆನಪಾಯಿತು. ಮಹಾಂತೇಶ ತೇಗುತ್ತಾ ವಾಪಸ್ ಓಡಿದ. ಅಂಗಡಿಯಲ್ಲಿ ಶಿವಮೂರ್ತಪ್ಪ ಮೇಜು ಒರೆಸುತ್ತಿದ್ದರು. ಒಳಗಿನ ಪರದೆ ಮರೆಯಲ್ಲಿ ಶೈಲಜಾ ಏಪ್ರನ್ ಕಟ್ಟಿಕೊಂಡು ಸೌತೆಕಾಯಿ ಹೆಚ್ಚುತ್ತಿದ್ದಳು.

"ಮಾವಾ, ಸಾಯಂಕಾಲದ ಗಂಡು ಬಂದೈತೆ. ರುಚಿಗೆ ಆರೂ ಕೊಡು," ಅಂತ ನಾಗೇಂದ್ರಪ್ಪನಿಗೆ ಮೆಲ್ಲಗೆ ಹೇಳಿದಳು.

ಮೂಲೆಯಲ್ಲಿ ಇಸ್ತ್ರಿ ಅಂಗಿಯವನೊಬ್ಬ ಬೆವರುತ್ತಾ ಕೂತಿದ್ದ. ಮಹಾಂತೇಶನ ತೋಳು ಹಿಡಿದು, "ಅಣ್ಣಾ, ಇಲ್ಲಿ ಏನ್ ತಗಂಡ್ರೆ ಚೆಂದ?" ಅಂದ.

ಮಹಾಂತೇಶನ ಮೈಯೆಲ್ಲ ಉರಿದುಹೋಯಿತು. "ಆರೂ ತಿನ್ನಪ್ಪಾ! ಒಂದೂ ಬಿಡಬ್ಯಾಡ!" ಅಂದ.

ಶೈಲಜಾ ಪರದೆ ಸಂದಿಯಿಂದ ತಲೆ ಎತ್ತಿ ನಕ್ಕಳು. ಆ ನಗುವಿಗೆ ಪಾಪ, ಅವನ ಸಿಟ್ಟೆಲ್ಲ ಕರಗಿಹೋಯಿತು.

"ಎಷ್ಟು ಚೆನ್ನಾಗಿ ಹೇಳ್ತೀರ್ರಿ! ಊರೋರು ಯಾರೂ ಬರಲ್ಲ, ಗಂಡುಗಳಿಂದಾನೇ ಅಂಗಡಿ ನಡೀತೈತೆ. ಭಾನುವಾರ ಭಾರಿ ರಶ್ಶು. ಆರ್ಡರ್ ತಗಳ್ಳಾಕೆ ಬರ್ತೀರಾ?" ಅಂತ ಪಿಸುಗುಟ್ಟಿ ಇನ್ನೊಂದು ಏಪ್ರನ್ ಅವನ ಕೈಗಿಟ್ಟಳು.

"ಏನಂದ್ರಲೇ?" ಅಂದ ಬಸ್ಸಿನ ಬಾಗಿಲಲ್ಲಿ ನಿಂತಿದ್ದ ಜಂಬುಲಿಂಗಪ್ಪ.

"ಭಾನುವಾರ ಮತ್ತೆ ಬರಾಕ್ ಹೇಳಿದ್ರು," ಅಂದ ಮಹಾಂತೇಶ, ಏಪ್ರನ್ ಕಂಕುಳಲ್ಲಿ ಬಚ್ಚಿಟ್ಟುಕೊಂಡು. ಟವೆಲ್ ಅಲ್ಲೇ ಉಳಿದಿತ್ತು.

ಬಸ್ಸು ತಳಕು ಊರು ದಾಟುವ ಹೊತ್ತಿಗೆ ಜಂಬುಲಿಂಗಪ್ಪ ಕಂಡಕ್ಟರಿನಿಂದ ಹಿಡಿದು ಎಲ್ಲರನ್ನೂ ಮದುವೆಗೆ ಕರೆದಾಗಿತ್ತು.