ಪುದೀನದ ಕೂಳೆ

ಕಬ್ಬಿನ ಗದ್ದೆಯ ಬದುವಿನ ಮೇಲೆ ಬೆಳೆದವರಿಗೆ ಒಂದು ಕಾಯಿಲೆ ಇರುತ್ತದೆ. ಮಣ್ಣಿನಿಂದ ಏಳುವುದೆಲ್ಲವೂ ಕಬ್ಬೇ ಎಂದು ಅವರು ನಂಬಿರುತ್ತಾರೆ. ನನ್ನ ಊರು ಅರಕೆರೆ. ನೌಕರಿ ಹಿಡಿದು, ಕೆ.ಆರ್. ಪೇಟೆಯಲ್ಲಿ ಮನೆ ಕಟ್ಟಿ, ಕುರ್ಚಿಯಲ್ಲಿ ಕೂತು ಹೊಟ್ಟೆ ಬೆಳೆಸಿಕೊಂಡು ಬಹಳ ಕಾಲವಾಗಿದ್ದರೂ ಈ ಕಾಯಿಲೆ ವಾಸಿಯಾಗಿಲ್ಲ. ಅದರಿಂದ ಸತ್ತದ್ದು ಮಾತ್ರ ನಾನಲ್ಲ, ನನ್ನ ಹೆಂಡತಿಯ ಪುದೀನ.

ಅದು ಅಂತಿಂಥ ಪುದೀನವಲ್ಲ. ಹೊಸಹೊಳಲಿನಲ್ಲಿ ನಮ್ಮ ಅತ್ತೆ ಬಚ್ಚಲ ನೀರು ಹರಿಸಿ ಬೆಳೆಸಿದ್ದು. ಅತ್ತೆ ತೀರಿಕೊಂಡ ಮೇಲೆ ನನ್ನ ಭಾವಮೈದ ಹಿತ್ತಿಲಿಗೆಲ್ಲ ಕಾಂಕ್ರೀಟು ಹಾಕಿಸಲು ಹೊರಟ. ನನ್ನ ಹೆಂಡತಿ ಜಯಂತಿ ಓಡಿಹೋಗಿ ಒಂದು ಹಿಡಿ ಬೇರುಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಳು. ತಾಯಿಯ ಒಡವೆಯಲ್ಲಿ ಪಾಲು ಕೇಳದವಳು ಇದೊಂದನ್ನು ಕೇಳಿ ಪಡೆದಿದ್ದಳು. ನೆಡುವ ಕೆಲಸ ನನ್ನ ಪಾಲಿಗೆ ಬಂತು. ಬಿತ್ತನೆ ಕಬ್ಬಿನ ಹಾಗೆ ಎರಡೆರಡು ಕಣ್ಣಿಗೆ ತುಂಡು ಮಾಡಿ, ಸಣ್ಣ ಸಾಲು ತೆಗೆದು, ಉದ್ದಕ್ಕೆ ಮಲಗಿಸಿ ಮಣ್ಣು ಮುಚ್ಚಿದೆ. “ಅಯ್ಯೋ, ಪುದೀನ ನೆಡ್ತಾ ಇದ್ದೀರೋ, ಮಣ್ ಮಾಡ್ತಾ ಇದ್ದೀರೋ?” ಎಂದು ಜಯಂತಿ ಗಾಬರಿಯಾದಳು. ಆದರೆ ಒಂದೊಂದು ಕಣ್ಣಿನಿಂದಲೂ ಚಿಗುರು ಬಂತು, ಹಿತ್ತಿಲ ಮೂಲೆ ತುಂಬಿತು. ಅಂದಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಚೇರಿಯಲ್ಲಿ ಯಾರಾದರೂ ಕೆಮ್ಮಿದರೂ ಸಾಕು, ಪುದೀನ ನೆಡುವ ಕ್ರಮ ವಿವರಿಸುತ್ತಿದ್ದೆ.

ಅಲ್ಲಿಗೇ ಸುಮ್ಮನಿರಬೇಕಿತ್ತು. ಹೋದ ಬೇಸಿಗೆಯಲ್ಲಿ ಜಯಂತಿ ನಾಗಮಂಗಲಕ್ಕೆ, ತಂಗಿಯ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದಾಗ, ಪುದೀನದ ಎಲೆಗೆ ಕಂದು ಚುಕ್ಕೆ ಬಿದ್ದು, ಕಡ್ಡಿ ಬಲಿತು, ಗಿಡ ಸೊರಗಿದಂತೆ ಕಂಡಿತು. ನಮ್ಮ ಕಡೆ ಕಬ್ಬು ಕಡಿದ ಮೇಲೆ ಒಣತರಗಿಗೆ ಬೆಂಕಿ ಕೊಡುತ್ತಾರೆ. ಆಮೇಲೆ ಬುಡದಿಂದ ಮತ್ತೆ ಚಿಗುರಿ ಬರುವ ಬೆಳೆಯೇ ಕೂಳೆ. ನಾನು ಪುದೀನವನ್ನು ನೆಲಮಟ್ಟಕ್ಕೆ ಕೊಯ್ದು, ಒಣಗಿದ ತೆಂಗಿನ ಗರಿ ಹರಡಿ, ಬೆಂಕಿಕಡ್ಡಿ ಗೀರಿದೆ. ಪಕ್ಕದ ಮನೆಯ, ಪಾತ್ರೆ ಅಂಗಡಿಯ ಪುಟ್ಟಸ್ವಾಮಿ ಕಾಂಪೌಂಡಿನ ಆಚೆಯಿಂದ ಇಣುಕಿದರು.

“ಏನ್ ಸಾ, ಪುದೀನಕ್ಕೆ ಬೆಂಕಿ ಇಕ್ತಾ ಇದ್ದೀರಲ್ಲಾ?”

“ಕೂಳೆ ಬರ್ತದೆ ಬುಡಿ. ಪಾತ್ರೆ ಮಾರೋರಿಗೆ ಬೇಸಾಯ ಎಂಗೆ ಗೊತ್ತಾದದು?”

“ಅಂಗಾದ್ರೆ ಸರಿ ಬುಡಿ” ಎಂದು ಅವರು ತಲೆ ಒಳಗೆಳೆದುಕೊಂಡರು.

ಕಬ್ಬಿನ ಬುಡ ಆಳದಲ್ಲಿರುತ್ತದೆ, ಪುದೀನದ ಬೇರು ಮೇಲುಮಣ್ಣಿನಲ್ಲೇ ಹರಿದಾಡುತ್ತದೆ ಎಂಬುದು ಮಾರನೆಯ ದಿನ ಕೆದಕಿ ನೋಡಿದಾಗ ತಿಳಿಯಿತು. ಕೈಗೆ ಬಂದದ್ದು ಸೀದ ಶಾವಿಗೆ.

ಊರಿಂದ ಬಂದ ಜಯಂತಿ ಹೆಗಲ ಚೀಲವನ್ನೂ ಇಳಿಸದೆ ನಿಂತು ನೋಡಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. “ಅಮ್ಮುಂದು ಅಂತ ಇದೊಂದಿತ್ತು ಕಣ್ರೀ” ಎಂದಳು, ಅಷ್ಟೇ. ಏನೂ ತೋಚದೆ “ಕೂಳೆ ಬರ್ತದೆ ಕಣೆ” ಎಂದೆ. ಅವಳು ನಂಬಿದಳು. ದಿನಾ ಬೆಳಿಗ್ಗೆ ಅಕ್ಕಿ ತೊಳೆದ ನೀರನ್ನು ಆ ಕರಿ ಮೂಲೆಗೆ ಸುರಿದು, ಬಗ್ಗಿ ನೋಡಿ, ಒಳಗೆ ಬರುತ್ತಿದ್ದಳು.

ಅದನ್ನು ನೋಡಲಾರದೆ ಸಂತೆಬಾಚಹಳ್ಳಿಯ ಸಂತೆಯಿಂದ ಒಂದು ಕಟ್ಟು ಪುದೀನ ತಂದೆ. ಸೊಪ್ಪನ್ನು ಸಾರಿಗೆ ಬಿಡಿಸಿಕೊಟ್ಟು, ಕಡ್ಡಿಗಳನ್ನು ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಮತ್ತೆ ಕಬ್ಬಿನಂತೆಯೇ ಮಲಗಿಸಿದೆ. ಬದುಕಿದರೆ ಹೇಳೋಣ ಎಂದುಕೊಂಡೆ. ಬದುಕಿತು. ಹೇಳಲು ಬಾಯಿ ಬರಲಿಲ್ಲ. ಮಳೆ ಹಿಡಿದ ಮೇಲೆ ಅದು ಕಲ್ಲಿನಡಿಯಿಂದ ನುಸುಳಿ, ಸುಟ್ಟ ಮೂಲೆಗೇ ಹೋಗಿ ತಲೆಯೆತ್ತಿತು.

“ರೀ, ಬನ್ರೀ ಇಲ್ಲಿ! ನಿಮ್ಮ ಕೂಳೆ ಬಂದ್ಬುಟ್ಟದೆ!”

ಅವಳ ಕೂಗಿನಲ್ಲಿದ್ದ ಸಂತೋಷಕ್ಕೆ ನನಗೆ ಕಣ್ಣು ತುಂಬಿ ಬಂತು. ಬಗ್ಗಿ ಬೇರಿನ ಜಾಡು ಹಿಡಿದು ಬೆರಳಾಡಿಸಿದೆ. ನೇರವಾಗಿ ಒಗೆಯುವ ಕಲ್ಲಿನ ಕಡೆಗೆ ಹೋಗಿತ್ತು. ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದೆ. “ನಾನ್ ಹೇಳಿರ್ಲಿಲ್ವಾ?” ಎಂಬ ಮಾತು ಬಂತು.

ಹೋದ ಭಾನುವಾರ ದೋಸೆಗೆ ಅದರದೇ ಚಟ್ನಿ. “ನಿಮ್ಮಮ್ಮನ ಮನೆ ರುಚಿಯೇ ಕಣೆ” ಎಂದು ನಾಲ್ಕು ಬಾರಿ ಹೊಗಳಿದೆ. ಜಯಂತಿ ಇನ್ನಷ್ಟು ಚಟ್ನಿ ಬಡಿಸುತ್ತ, ನನ್ನ ಮುಖ ನೋಡದೆ, “ಬೆಂಕಿ ಬಿದ್ಮೇಲೆ ಯಾಕೋ ಅಮ್ಮನ ಪುದೀನ ಸಂತೆ ಸೊಪ್ಪಿನ ವಾಸ್ನೆ ಹೊಡೀತದೆ. ತಿನ್ನಿ, ಕೂಳೆ ಅಲ್ವಾ” ಎಂದಳು.

ಮಾರನೆಯ ಬೆಳಿಗ್ಗೆ ಅಕ್ಕಿ ತೊಳೆದ ನೀರನ್ನು ಅವಳು ಆ ಮೂಲೆಗೆ ಹಾಕಲಿಲ್ಲ. ಒಗೆಯುವ ಕಲ್ಲಿನ ಹಿಂದಕ್ಕೆ ಹೋಗಿ ಸುರಿದು ಬಂದಳು. ಬೆಂಕಿಪೊಟ್ಟಣವನ್ನು ಎಲ್ಲಿಟ್ಟಿದ್ದಾಳೋ, ನನಗೆ ಇವತ್ತಿಗೂ ಸಿಕ್ಕಿಲ್ಲ.