ಪುಟ್ಟಬಸವಯ್ಯನ ಗದ್ದೆಯ ಜಲ

ಕೆರೆ ಏರಿಯಲ್ಲಿ ಏಡಿ ಬಿಲ ಕಂಡವರು ಅಲ್ಲೇ ಹಿಡಿ ಜೇಡಿಮಣ್ಣು ಮೆತ್ತಿ, ನೀರುಗಂಟಿಗೆ ಹೇಳಿಬರಬೇಕು. ದೇವನೂರಿನ ಆಚೆಯ ಆ ಊರಲ್ಲಿ ಮಕ್ಕಳಿಗೂ ಗೊತ್ತಿದ್ದ ಕಟ್ಟಳೆ ಇದು. ಪುಟ್ಟಬಸವಯ್ಯನಿಗೂ ಗೊತ್ತಿತ್ತು. ಆದರೆ ಅವನು ಕಂಡ ಬಿಲದ ನೀರು ಏರಿಯೊಳಗೇ ತೂರಿ ನೇರ ಅವನ ಗದ್ದೆಗೇ ಬರುತ್ತಿತ್ತಲ್ಲ! ಬಿಲದ ಬಾಯಿಗೊಂದು ಲಂಟಾನ ಕೊಂಬೆ ಮುಚ್ಚಿ, ಏನೂ ಕಾಣದವನಂತೆ ಮನೆಗೆ ಬಂದಿದ್ದ.

ಅವತ್ತು ಬೆಳಿಗ್ಗೆ ಪಕ್ಕದ ಗದ್ದೆಯ ಶಿವಸ್ವಾಮಿ ಬದುವಿನ ಮೇಲೆ ನಿಂತುಬಿಟ್ಟ.

“ಅಲ್ಲ ಪುಟ್ಟಬಸಣ್ಣ, ಕೆರೆ ನೀರು ನಿನ್ ಸರದಿಗೆ ಬರಾದು ಸೋಮ್ವಾರ. ನಮ್ ಪೈರೆಲ್ಲಾ ಬಾಯಿ ಬುಡ್ತಾವೆ, ನಿನ್ ಗದ್ದೇಲಿ ಕಪ್ಪೆ ಈಜ್ತಾವಲ್ಲ!”

ಪುಟ್ಟಬಸವಯ್ಯನ ಬಾಯಿ ಯಾವಾಗಲೂ ಬುದ್ಧಿಗಿಂತ ಮುಂದೆ ಓಡುವಂಥದ್ದು. “ಜಲ ಎದ್ದದೆ ಕಣ್ಲಾ, ಒರತೆ!” ಎಂದುಬಿಟ್ಟ.

ಏರಿಯ ಬುಡದಲ್ಲಿ ಒರತೆ ಏಳುವುದು ಹೊಸದೇನಲ್ಲ. ಶಿವಸ್ವಾಮಿ ನಂಬಿದ. ನಂಬಿ ಸುಮ್ಮನಿದ್ದಿದ್ದರೆ ಚಿಂತೆಯಿರಲಿಲ್ಲ, ಊರಿಗೆಲ್ಲ ಸಾರಿದ. ಮೊದಲು ಓಡಿಬಂದವಳು ಪುಟ್ಟಬಸವಯ್ಯನ ಹೆಂಡತಿ ಪಾಪಮ್ಮ. ಅವಳಿಗೂ ಗುಟ್ಟು ತಿಳಿಯದು. “ಗಂಗಮ್ಮ ನಮ್ಮನ್ನೇ ಉಡುಕ್ಕೊಂಡು ಬಂದವ್ಳೆ!” ಎಂದು ನೀರು ಬರುವ ಜಾಗಕ್ಕೆ ಅರಿಸಿನ ಕುಂಕುಮ ಹಾಕಿ ಕಾಯಿ ಒಡೆದಳು. ಹಿಂದೆಯೇ ಕೆಳಗಿನ ಗದ್ದೆಯ ಮಾದೇಶ ಗುದ್ದಲಿ ಹಿಡಿದು ಬಂದ.

“ಜಲದ ಕಣ್ಣು ಅಗಲ ಮಾಡಾನ, ಊರಿಗೆಲ್ಲಾ ಆಯ್ತದೆ” ಎಂದು ಏರಿಯ ಕಡೆಗೇ ಗುದ್ದಲಿ ಎತ್ತಿದ.

ಅಗೆದರೆ ಗುಟ್ಟು ರಟ್ಟಾಗುತ್ತಿತ್ತು. ಪುಟ್ಟಬಸವಯ್ಯ ದಡಕ್ಕನೆ ಹೋಗಿ ನೀರು ಬರುವ ಜಾಗದ ಮೇಲೇ ಕುಳಿತುಬಿಟ್ಟ.

“ಅಗೀಬ್ಯಾಡ್ರೋ! ಗಂಗಮ್ಮ ಮುನಿಸ್ಕೊಂಡು ಒಂಟೋಯ್ತಾಳೆ!”

ಪಂಚೆ ತೊಯ್ದು ತೊಪ್ಪೆಯಾಯಿತು, ಹೆಂಗಸರು ಕಿಸಕ್ಕೆಂದರು. ಅವನು ಏಳಲಿಲ್ಲ.

ಅಷ್ಟರಲ್ಲಿ ನೀರುಗಂಟಿ ಮಹದೇವಯ್ಯ ಬಂದ. ಕೆರೆ ನೀರು ಯಾರ ಗದ್ದೆಗೆ, ಯಾವತ್ತು ಎನ್ನುವುದಕ್ಕೆ ಅವನ ಮಾತೇ ಕೊನೆ. ಏರಿಯನ್ನೊಮ್ಮೆ, ಪುಟ್ಟಬಸವಯ್ಯನನ್ನೊಮ್ಮೆ ಸಾವಕಾಶವಾಗಿ ನೋಡಿದ.

“ಒಳ್ಳೇದಾಯ್ತು. ಸ್ವಂತ ಜಲ ಇರೋರಿಗೆ ಕೆರೆ ನೀರಿನ ಸರದಿ ಇಲ್ಲ, ನಮ್ಮಪ್ಪನ ಕಾಲದಿಂದ್ಲೂ ಇದೇಯ ಕಟ್ಲೆ. ಈ ಬೆಳೆ ಮುಗಿಯೋಗಂಟ ನಿನ್ ಸರದಿ ಶಿವಸ್ವಾಮಿಗೆ.”

ಸರದಿ ಹೋಯಿತು ಎಂದು ಪುಟ್ಟಬಸವಯ್ಯ ಕುಳಿತಲ್ಲೇ ಲೆಕ್ಕ ಹಾಕಿದ. ಹೋಗಲಿ, ಬಿಲವಾದರೂ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡ.

“ಎಂಗೂ ಊರೇ ಸೇರ್ಕಂಡದೆ” ಎಂದ ಮಹದೇವಯ್ಯ. “ಏರಿ ಮ್ಯಾಲಿನ ಗಿಡ ಸವರಿ, ಏಡಿ ಬಿಲ ಎಲ್ಲಾ ಮುಚ್ಬುಡಾನ. ನಿನ್ ಗದ್ದೆ ನೇರಕ್ಕಿರೋ ಜಾಗ ನಿಂದೇಯ, ಪುಟ್ಟಬಸವಯ್ಯ. ನಾನೂ ಬತ್ತೀನಿ, ನಡಿ.”

ಲಂಟಾನ ಕೊಂಬೆ ಎತ್ತಿ, ನೀರುಗಂಟಿಯ ಕಣ್ಣೆದುರೇ ಪುಟ್ಟಬಸವಯ್ಯ ತನ್ನ ಬಿಲಕ್ಕೆ ತಾನೇ ಮಣ್ಣು ಮೆತ್ತಿ ಗುದ್ದಿದ.

ಸಂಜೆಗೆ ಜಲ ಬತ್ತಿತು. ಊರವರು ಬಗ್ಗಿ ನೋಡಿ ಲೊಚಗುಟ್ಟಿದರು.

“ಮಹದೇವಣ್ಣ, ನನ್ ಸರದಿ…” ಎಂದು ಪುಟ್ಟಬಸವಯ್ಯ ರಾಗ ಎಳೆದ.

“ಊರ ಮುಂದೆ ಕೊಟ್ಟಾಯ್ತಲ್ಲಪ್ಪ. ಇನ್ನು ಮುಂದಿನ ಬೆಳೆಗೇಯ” ಎಂದು ಅವನು ಟವೆಲ್ ಕೊಡವಿ ಎದ್ದ.

ಪಾಪಮ್ಮ ಗಂಡನ ಕಡೆ ತಿರುಗಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಅವರನ್ಯಾಕೆ ಕೇಳೀರಿ? ಗಂಗಮ್ಮ ಮುನಿಸ್ಕೊಳ್ದೆ ಇನ್ನೇನು ಮಾಡಾಳು? ನಾನು ಕುಂಕುಮ ಇಟ್ಟ ಜಾಗದ ಮ್ಯಾಲೇ ಓಗಿ ಕುಂತ್ರಲ್ಲ ನೀವು!”