ಬಾಸ್ ಬದಲಾದಾಗ ಬಂದ ಝಣ್

"ಕಾವ್ಯಳ ಮೆಹಂದಿಗೆ ಇನ್ನೊಬ್ಬರ ಹಾಡು ಹಾಕಿದರೆ ನನ್ನ ಹೆಸರು ಸುಕೇಶನೇ ಅಲ್ಲ!"

ಹೀಗೆಂದು ಘೋಷಿಸಿದ ಸುಕೇಶ್ ವಾರವಿಡೀ ಕಾರ್ಕಳದಲ್ಲಿ ಟೈಲ್ಸ್ ಮಾರುವವನು. ರಜೆ ಸಿಕ್ಕಿದರೆ ಮೆಹಂದಿಗಳಲ್ಲಿ ಡಿಜೆ. ಕಾವ್ಯ ಅವನ ಹೆಂಡತಿ ಭವ್ಯಶ್ರೀಯ ಚಿಕ್ಕಪ್ಪನ ಮಗಳು. ಮೆಹಂದಿ ಕಾಪುವಿನಲ್ಲಿ, ಹೆಂಡತಿಯ ತವರಿನವರೆಲ್ಲ ಸೇರುವ ಅಂಗಳದಲ್ಲಿ. ಅಲ್ಲಿ ಗೆದ್ದರೆ ಜಗತ್ತನ್ನೇ ಗೆದ್ದಂತೆ!

ಭವ್ಯಶ್ರೀಯ ಯೋಚನೆಯೇ ಬೇರೆ. ಕುಕ್ಕುಂದೂರಿನ ಅವರ ಪುಟ್ಟ ಮನೆಯಲ್ಲಿ ಊಟದ ಮೇಜು ಇರಬೇಕಾದ ಜಾಗದಲ್ಲಿ ಅವನ ದೊಡ್ಡ ಸ್ಪೀಕರ್, ಬಾಸ್ ಪೆಟ್ಟಿಗೆ, ಅಡುಗೆಮನೆಯ ಗೋಡೆಗೆ ಒರಗಿ ಕುಳಿತಿತ್ತು.

"ಜನ ಕುಣಿಯದಿದ್ದರೆ ಈ ಪೆಟ್ಟಿಗೆ ಕಾಪುವಿನಿಂದ ವಾಪಸ್ ಬರಬಾರದು. ಅಲ್ಲೇ ಯಾರಿಗಾದರೂ ಕೊಟ್ಟು ಬನ್ನಿ."

"ಕುಣಿದರೆ?"

"ಕುಣಿದರೆ ದಿನಾ ಅದರ ಧೂಳು ನಾನೇ ಒರೆಸುತ್ತೇನೆ."

ಪಂಥ ಕಟ್ಟಿಯಾಯಿತು. ಸ್ವಂತ ಹಾಡು ಕಟ್ಟಲು ಸುಕೇಶ್ ಲ್ಯಾಪ್‌ಟಾಪ್ ಮುಂದೆ ತಪಸ್ಸಿಗೆ ಕುಳಿತ. ಒಂದು ಸಂಜೆ ಜ್ಞಾನೋದಯವೂ ಆಯಿತು!

"ಕೇಳು ಮಾರಾಯ್ತಿ. ಕಾರ್ಡ್ ಅಂದರೆ ಮೂರು ಸ್ವರ ಒಟ್ಟಿಗೆ. ಅದನ್ನು ಮುಟ್ಟುವುದೇ ಇಲ್ಲ. ಅಡಿಯಲ್ಲಿ ಬಾಸ್, ಅಂದರೆ ತಗ್ಗಿನ ಸ್ವರ ಮಾತ್ರ ಬದಲಾಗುತ್ತದೆ. ಬಾಸ್ 'ಸಿ' ಇದ್ದಾಗ ಖುಷಿ. 'ಎ'ಗೆ ಇಳಿಯಿತೋ, ಅದೇ ಕಾರ್ಡ್ ಅಳು ಬರಿಸುತ್ತದೆ. 'ಎಫ್'ಗೆ ಬಂದರೆ ಎದೆ ತುಂಬಿ ಬರುತ್ತದೆ!"

"ನೀರುದೋಸೆ ಅದೇ, ಕೋಳಿಸಾರಿನೊಟ್ಟಿಗೆ ಒಂದು ರುಚಿ, ಕಾಯಿಬೆಲ್ಲದೊಟ್ಟಿಗೆ ಇನ್ನೊಂದು. ಇದಕ್ಕೆ ಇಷ್ಟು ದೊಡ್ಡ ಪೆಟ್ಟಿಗೆ ಎಂತಕ್ಕೆ?"

ಸುಕೇಶ್ ಹಾಡು ಹಾಕಿದ. ಬಾಸ್ ಬದಲಾದಾಗಲೆಲ್ಲ ಅದರ ಮೇಲೆ 'ಝಣ್' ಎಂದು ಎಂಥದೋ ಒಂದು ನಾದ ಏಳುತ್ತಿತ್ತು. ತಾನು ಹಾಕದ ನಾದ ತಾನಾಗಿಯೇ ಹುಟ್ಟುತ್ತಿದೆ! ಪ್ರತಿಭೆ ಎಂದರೆ ಇದೇ ಎಂದು ಅವನಿಗೆ ಖಾತ್ರಿಯಾಯಿತು.

"ರೀ, ಇಲ್ಲಿ ಪಾತ್ರೆಯೆಲ್ಲ ನಡುಗುತ್ತಾ ಉಂಟು!" ಅಡುಗೆಮನೆಯಿಂದ ಭವ್ಯಶ್ರೀ ಕೂಗಿದಳು.

"ನಡುಗಬೇಕು! ಅದಕ್ಕೇ ಬಾಸ್ ಎನ್ನುವುದು!"

ಮೆಹಂದಿಯ ಸಂಜೆ ಅಂಗಳ ತುಂಬಿತ್ತು. ಸುಕೇಶ್ ಮೈಕ್ ಹಿಡಿದು ತನ್ನ ಬಗ್ಗೆ ತಾನೇ ನಾಲ್ಕು ಒಳ್ಳೆಯ ಮಾತಾಡಿ ಹಾಡು ಹಾಕಿದ. ಬಾಸ್ ಗುಂಯ್ ಎಂದಿತು. 'ಎ'ಗೆ ಇಳಿಯಿತು, 'ಎಫ್'ಗೆ ಬಂತು. ಝಣ್ ಮಾತ್ರ ಬರಲೇ ಇಲ್ಲ! ಅತ್ತೆಯಂದಿರು ಐಸ್‌ಕ್ರೀಮಿನ ಕಡೆ ನಡೆದರು.

ಕಾವ್ಯಳ ಅಣ್ಣ ಜಿತೇಂದ್ರ ಬಳಿಗೆ ಬಂದ. "ಭಾವ, ಇದು ಹಾಡಾ, ಟೆಸ್ಟಿಂಗಾ?"

ಸುತ್ತಲಿದ್ದವರೆಲ್ಲ ನಕ್ಕರು. ಸುಕೇಶ್ ಒಂದೊಂದೇ ವಯರ್ ಎಳೆದು ನೋಡತೊಡಗಿದ.

"ಎಂತ ಹುಡುಕುತ್ತೀರಿ?" ಭವ್ಯಶ್ರೀ ಪಕ್ಕದಲ್ಲೇ ನಿಂತಿದ್ದಳು.

"ಝಣ್ ಬರುತ್ತಾ ಇಲ್ಲ."

"ಅದು ಕುಕ್ಕುಂದೂರಿನಲ್ಲೇ ಉಂಟು ಮಾರಾಯ್ರೆ, ನಮ್ಮ ಅಡುಗೆಮನೆಯಲ್ಲಿ. 'ಎ'ಗೆ ಅನ್ನದ ಪಾತ್ರೆಯ ಮುಚ್ಚಳ, 'ಎಫ್'ಗೆ ಸ್ಟೀಲ್ ಬಟ್ಟಲುಗಳು. ಆವತ್ತೇ ಹೇಳಿದ್ದೆ ಅಲ್ವಾ?"

ಸುಕೇಶನಿಗೆ ಭೂಮಿ ಬಾಯ್ಬಿಡಬಾರದೇ ಅನಿಸಿತು. ಪೆಟ್ಟಿಗೆ ತೊಲಗುವ ಸಂತೋಷ ಭವ್ಯಶ್ರೀಗೆ ಇತ್ತು, ಸುಳ್ಳೇಕೆ ಹೇಳಬೇಕು! ಆದರೆ ತವರಿನವರು ತನ್ನ ಗಂಡನನ್ನು ನೋಡಿ ನಗುವುದನ್ನು ಅವಳಿಂದ ಸಹಿಸಲಾಗಲಿಲ್ಲ. ಸೀದಾ ಬಫೆಗೆ ಹೋಗಿ ತುಪ್ಪದನ್ನದ ಪಾತ್ರೆಯ ಮುಚ್ಚಳ, ಒಂದು ಸೌಟು, ನಾಲ್ಕು ಬಟ್ಟಲು ಎತ್ತಿಕೊಂಡು ಬಂದಳು.

"ಮೊದಲಿನಿಂದ ಹಾಕಿ."

ದಿನಾ ಕೇಳಿ ಕೇಳಿ ಆ ಹಾಡು ಅವಳಿಗೆ ಬಾಯಿಪಾಠವಾಗಿತ್ತು. 'ಎ' ಬಂದ ಕ್ಷಣ ಮುಚ್ಚಳಕ್ಕೆ ಝಣ್! 'ಎಫ್'ಗೆ ಬಟ್ಟಲುಗಳು ಝಣಝಣ! ಅತ್ತೆಯಂದಿರು ಐಸ್‌ಕ್ರೀಮ್ ಕಪ್ ಹಿಡಿದುಕೊಂಡೇ ಓಡಿಬಂದರು. ಮದುಮಗಳು ಮೆಹಂದಿ ಹಚ್ಚಿದ ಎರಡೂ ಕೈ ಮೇಲೆತ್ತಿ ಕುಣಿದಳು. ಇನ್ನೊಮ್ಮೆ, ಇನ್ನೊಮ್ಮೆ ಎಂದು ಅಂಗಳವೇ ಕೂಗಿತು.

ಪೆಟ್ಟಿಗೆ ಮನೆಗೆ ವಾಪಸ್ ಬಂತು. "ಜನ ಕುಣಿದರಲ್ಲ, ಧೂಳು ಒರೆಸು" ಎಂದು ಸುಕೇಶ್ ಮರುದಿನ ಮೆಲ್ಲಗೆ ನೆನಪಿಸಿದ.

"ಕುಣಿದದ್ದು ಪೆಟ್ಟಿಗೆಗಾ, ಮುಚ್ಚಳಕ್ಕಾ?"

ಸುಕೇಶ್ ತೆಪ್ಪಗೆ ಬಟ್ಟೆ ಹಿಡಿದು ಪೆಟ್ಟಿಗೆ ಒರೆಸುತ್ತಿದ್ದಾಗ ಜಿತೇಂದ್ರನ ಫೋನ್ ಬಂತು.

"ಭಾವ, ಹೂಡೆಯಲ್ಲಿ ನನ್ನ ಗೆಳೆಯನ ತಂಗಿಯ ಮೆಹಂದಿ. ಅವರಿಗೆ ಭವ್ಯಕ್ಕ ಬೇಕೇ ಬೇಕಂತೆ!"

"ಮತ್ತೆ ನಾನು?"

"ನೀವೂ ಬನ್ನಿ ಭಾವ. ಅಷ್ಟು ಪಾತ್ರೆ ಹೊರಲಿಕ್ಕೆ ಜನ ಬೇಕಲ್ವಾ!"